ತಲೆಯಾಡಿಸಿದ್ದು ಯಾರು?

ಪ್ರಿಯ ಗಿರಿ,

ಮಡಿಕೇರಿಯಲ್ಲಿ ಮಳೆ. ಹೇಗಿದೆ ಅಂತ ಕೇಳಬೇಡ, ಆಮೇಲೆ ನಿನ್ನ ಛತ್ರಿ ಕಥೆಯನ್ನು ಇಲ್ಲಿ ಎಲ್ಲರಿಗೂ ಹೇಳಬೇಕಾಗುತ್ತದೆ.

ಗೊಂಬೆ ಹುಚ್ಚು ಬಿಟ್ಟಿತಾ ಅಂತ ಕೇಳಿದ್ದೆಯಲ್ಲ? ಇಲ್ಲ ಮಾರಾಯ. ದಸರಾ ರಾತ್ರಿ ದಶಮಂಟಪದ ಮುಂದೆ, ಅಂದರೆ ಯಂತ್ರದಿಂದ ಆಡುವ ದೇವರು-ಅಸುರರ ಗೊಂಬೆಗಳಿರುವ ಹತ್ತು ಮಂಟಪಗಳ ಮೆರವಣಿಗೆಯ ಮುಂದೆ, ಊರೆಲ್ಲ ಕುಣಿಯುವಾಗಲೂ ನನ್ನ ಕಣ್ಣು ಅಸುರನ ಮೊಣಕೈ ಮೇಲೆ. ಆದರೆ ಯಂತ್ರ ಎತ್ತಿದ ಕೈಯನ್ನು ಯಂತ್ರವೇ ಇಳಿಸುತ್ತದೆ. ಕುಂದಾಪುರದ ಹತ್ತಿರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆ ಹಾಗಲ್ಲ. ಸುಮಾರು ಒಂದೂವರೆ ಅಡಿಯ ಮರ, ಅದಕ್ಕೊಂದಿಷ್ಟು ದಾರ. ಎಳೆಯುವುದು ಯಾರಿಗಾದರೂ ಬಂದೀತು. ಬಿಡುವುದು ಕಷ್ಟ. ದಾರ ಸಡಿಲವಾದಾಗ ಮರದ ತೂಕವೇ ಕೈಯನ್ನು ಇಳಿಸಬೇಕು. ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಈ ವಿದ್ಯೆ ಉಳಿಸಿಕೊಂಡಿದೆ.

ಜಪಾನಿನ ಗೊಂಬೆಯಾಟ ಬುನ್ರಾಕುವಿನಲ್ಲಿ ಹೀಗೆ ಮೇಲಿಂದ ಎಳೆಯುವ ದಾರವೇ ಇಲ್ಲ. ಮೊದಲು ಗೊಂಬೆಗೊಬ್ಬ ಆಡಿಸುವವನಿದ್ದ, 1734ರಿಂದ ಮೂವರಾದರು. ಮುಖ್ಯ ಕಲಾವಿದನಿಗೆ ತಲೆ ಮತ್ತು ಬಲಗೈ, ಇನ್ನೊಬ್ಬನಿಗೆ ಎಡಗೈ, ಮತ್ತೊಬ್ಬನಿಗೆ ಕಾಲು. ಮಾತು ಮಾತ್ರ ಪಕ್ಕದಲ್ಲಿ ಕೂತ ಕಥೆಗಾರನದು. ಮೂವರೂ ಎದುರಿಗೇ ಇರುತ್ತಾರೆ, ಸ್ವಲ್ಪ ಹೊತ್ತಿಗೆ ನಮಗೇ ಅವರ ನೆನಪಿರುವುದಿಲ್ಲ.

ಅಪ್ಪನಿಗೆ ಸ್ಟ್ರೋಕ್ ಆದ ಮೇಲೆ ನಮ್ಮ ಮನೆಯಲ್ಲೂ ಇದೇ ಆಟ. ಅಂಗಿ ತೊಡಿಸುವಾಗ ಬೆನ್ನು, ಕುತ್ತಿಗೆ ನಾನು. ಎಡಗೈ ಅಕ್ಕ. ಮಾತು ಅಮ್ಮನದು. 'ಕಾಫಿ ಬೇಕಂತೆ.' 'ಕಿಟಕಿ ಹಾಕಬೇಕಂತೆ.' ಅಪ್ಪ ಸುಮ್ನೆ ನೋಡುತ್ತಾರೆ.

ಮೊನ್ನೆ ಗದ್ದೆ ಮಾರುವ ಮಾತು ಬಂತು. 'ಅಪ್ಪಾ, ಕೊಡೋಣವಾ?' ಅಂದೆ. ತಲೆಯಾಡಿತು. 'ಹ್ಞೂಂ ಅಂದ್ರು ನೋಡು' ಅಂದರು ಅಮ್ಮ. ಎಲ್ಲರಿಗೂ ನಿರಾಳ.

ಆಗ ನನ್ನ ಕೈ ಅವರ ಕುತ್ತಿಗೆಯ ಹಿಂದಿತ್ತು, ಗಿರಿ. ಅವರು ತಲೆಯಾಡಿಸಿದರೋ, ನಾನು ಹಿಡಿತ ಸಡಿಲಿಸಿದೆನೋ? ಇಷ್ಟು ವರ್ಷ ಬೆರಳುಗಳನ್ನೇ ನೋಡಿದವನಿಗೆ ಗೊತ್ತಾಗಬೇಕಿತ್ತು. ಇನ್ನೊಂದು ಹೇಳಲಾ? ಆ ಕ್ಷಣ ನನಗೆ ಹೊಳೆದದ್ದು ಗದ್ದೆಯಲ್ಲ, ಅಪ್ಪನೂ ಅಲ್ಲ. 'ಎಷ್ಟು ಚೆನ್ನಾಗಿ ಬಂತು!' ಅನಿಸಿತು. ಅವತ್ತಿನಿಂದ ಅಂಗಿ ತೊಡಿಸಲು ಅಕ್ಕನನ್ನೇ ಮುಂದೆ ಬಿಡುತ್ತಿದ್ದೇನೆ.

ಇಷ್ಟೆಲ್ಲ ಬರೆಯುವ ಯೋಚನೆ ಇರಲಿಲ್ಲ. ಓದುತ್ತಿರುವ ಬಂಧುಗಳೇ, ಗದ್ದೆ ಇನ್ನೂ ಮಾರಿಲ್ಲ, ದಯವಿಟ್ಟು ಬ್ರೋಕರ್ ನಂಬರ್ ಕಳಿಸಬೇಡಿ.

ಗಿರಿ, ಸಿಲ್ವರ್ ಓಕ್ ತುಂಡಿನಲ್ಲಿ ಒಬ್ಬ ಭೀಮನನ್ನು ಕೆತ್ತುತ್ತಿದ್ದೇನೆ. ಉಳಿ ಜಾರಿ ಮೂಗು ಹೋಯಿತು, ಈಗ ಥೇಟ್ ನಿನ್ನ ಮಾವ. ದಸರಾಕ್ಕೆ ಬಾ. ಕೀಚಕನ ಪಾತ್ರ ಖಾಲಿ ಇದೆ. ಕುಶಾಲನಗರ ಬಸ್ಸಿನಲ್ಲಿ ಮಾಡಿದ್ದನ್ನೇ ಮಾಡಿದರೆ ಸಾಕು, ಮೇಕಪ್ಪೂ ಬೇಡ.

ಇಂತಿ ನಿನ್ನ,
ಭಾಗವತ (ಸ್ವರ ಇನ್ನೂ ಹಾಗೇ ಇದೆ, ಹೆದರಬೇಡ)