ಹೊಸ ರಿವಾಲ್ವರ್ ತಗೊಳ್ಳುವ ಮುಂಚೆ

ಮೂಡಿಗೆರೆ

ಚಿರಂಜೀವಿ ಸುಹಾಸನಿಗೆ ಮಾವನ ಆಶೀರ್ವಾದಗಳು.

ತಾತನ ಜೋಡು ನಳಿಗೆ ಕೋವಿ ಕೊಟ್ಟು ಪ್ರಬಲ್ ಅನ್ನುವ ಹೊಸ ರಿವಾಲ್ವರ್ ತಗೊಳ್ಳುವ ಯೋಚನೆಯಲ್ಲಿದ್ದೀಯ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನಿನ್ನ ಕಷ್ಟ ನನಗೆ ಗೊತ್ತು. ಮುಂಚೆ ಲೈಸೆನ್ಸಿನಲ್ಲಿ ಮೂರು ಬಂದೂಕು ಇಟ್ಟುಕೊಳ್ಳಬಹುದಿತ್ತು, 2019ರ ತಿದ್ದುಪಡಿ ಬಂದ ಮೇಲೆ ಎರಡೇ. ನಿನ್ನ ಹತ್ತಿರ ತಾತನ ಆ 12 ಬೋರಿನ ಕೋವಿ, .315 ರೈಫಲ್ ಎರಡೂ ಇವೆ. ಇನ್ನೊಂದು ಬರಬೇಕಾದರೆ ಒಂದು ಹೋಗಲೇಬೇಕು. ಕೊಡವರಿಗಿರುವ ವಿನಾಯಿತಿ ನಮಗೆ ಇಲ್ಲವಲ್ಲ. ಕೋವಿ ಒಮ್ಮೆ ಕೈಬಿಟ್ಟರೆ ತಿರುಗಿ ಬರುವುದಿಲ್ಲ, ಅದಕ್ಕೇ ಈ ಕಾಗದ.

ಈಗಾಗಲೇ ತಗೊಂಡವರು ಏನೇನು ಹೇಳಿದರು ಅಂತ ನೀನು ಕಳಿಸಿದ್ದನ್ನೆಲ್ಲ ಓದಿದೆ. ಹಿಡಿ ಚೆನ್ನಾಗಿ ಕೂರುತ್ತದೆ, ಫಿನಿಶ್ ಚೆನ್ನಾಗಿದೆ, ತೋಟಾ ತುಂಬುವ ತಿರುಗುವ ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವುದು ನೋಡಲು ಬಲು ಚೆಂದ. ಎಲ್ಲರೂ ಖುಷಿಯಾಗಿದ್ದಾರೆ. ಆದರೆ ಎಷ್ಟು ಈಡು ಹೊಡೆದು ನೋಡಿದಿರಿ ಅಂತ ಅವರಲ್ಲಿ ಒಬ್ಬರನ್ನಾದರೂ ಕೇಳಿದೆಯಾ? ಕೇಳಿ ನೋಡು. ಕೆಲವರು ಒಂದು ಸಿಲಿಂಡರ್ ಖಾಲಿ ಮಾಡಿರುತ್ತಾರೆ. ಕೆಲವರು ಅದೂ ಇಲ್ಲ.

ಅವರ ತಪ್ಪಲ್ಲ ಅದು. ವರ್ಷಕ್ಕೆ ಇಷ್ಟೇ ತೋಟಾ ಅಂತ ಲೈಸೆನ್ಸಿನಲ್ಲಿ ಬರೆದಿರುತ್ತದೆ. ರೇಟೂ ಜಾಸ್ತಿ. ತೋಟದಲ್ಲಿ ಸುಮ್ನೆ ಈಡು ಹಾರಿಸುವ ಹಾಗಿಲ್ಲ, ರೇಂಜಿಗೆ ಅಂತ ಬೆಂಗಳೂರಿಗೆ ಹೋಗಿಬರುವ ಪುರುಸೊತ್ತು ಯಾರಿಗಿದೆ? ಹೊರದೇಶದವರು ಹೊಸ ರಿವಾಲ್ವರ್ ತಂದರೆ ನೂರಾರು ಈಡು ಹೊಡೆದು ಆಮೇಲೆ ಮಾತಾಡುತ್ತಾರೆ. ನಮ್ಮಲ್ಲಿ ಬೀರುವಿನಲ್ಲಿ ಇಟ್ಟು ಮಾತಾಡುತ್ತೇವೆ. ಜೀಪನ್ನು ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ಚಾರ್ಮಾಡಿ ಘಾಟಿ ಸಲೀಸಾಗಿ ಹತ್ತುತ್ತದೆ ಅಂದ ಹಾಗೆ.

ಬಣಕಲ್ ಕಡೆಯ ನನ್ನ ಸ್ನೇಹಿತರೊಬ್ಬರ ಹತ್ತಿರ ಒಂದು ರಿವಾಲ್ವರ್ ಇತ್ತು. ಯಾವ ಕಂಪನಿಯದು ಅನ್ನುವುದು ಬೇಡ. ತುಂಬ ಒಳ್ಳೆಯ ಮಾಲು ಅಂತ ಕಂಡವರಿಗೆಲ್ಲ ಹೇಳುತ್ತಿದ್ದರು. ತಪ್ಪದೆ ಎಣ್ಣೆ ಹಾಕುತ್ತಿದ್ದರು, ತೋಟಾ ತುಂಬಿಯೇ ಇಡುತ್ತಿದ್ದರು. ಕೊನೆಗೊಮ್ಮೆ ರೇಂಜಿನಲ್ಲಿ ಹೊಡೆದು ನೋಡಿದರೆ ಟಕ್ ಅಂತ ಸದ್ದು ಮಾತ್ರ. ಇನ್ನೊಂದು ಎಳೆದರೆ ಅದೂ ಟಕ್. ತೋಟಾ ತೆಗೆದು ನೋಡಿದೆವು. ಹಿಂಭಾಗದಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರಿನ ಮೇಲೆ ಆಳವಾದ ಗುಳಿ ಬೀಳಬೇಕಾದ ಕಡೆ ಉಗುರಿನಲ್ಲಿ ಒತ್ತಿದಷ್ಟು ಗುರುತಿತ್ತು. ಪ್ರೈಮರಿಗೆ ಕುಟ್ಟುವ ಫೈರಿಂಗ್ ಪಿನ್ ಓಡಾಡುವ ತೂತಿನಲ್ಲಿ ಹಳೇ ಎಣ್ಣೆ ಅಂಟಂಟಾಗಿ ಕೂತಿತ್ತು. ಸಾಲದ್ದಕ್ಕೆ ಎಣ್ಣೆ ತೋಟಾದ ಒಳಗೂ ಇಳಿದಿತ್ತು, ಪ್ರೈಮರೇ ಸತ್ತುಹೋಗಿತ್ತು. ಅಷ್ಟು ವರ್ಷ ಅವರು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಹೊಡೆದು ನೋಡಿರಲಿಲ್ಲ, ಅಷ್ಟೇ.

ಈಗ ನಿನಗೆ ಹಿಡಿಸಿರುವ ಪ್ರಬಲ್ ವಿಷಯ. ಕಾನ್ಪುರದ ಸರ್ಕಾರಿ ಕಂಪನಿ ಅದನ್ನು 2023ರ ಆಗಸ್ಟಿನಲ್ಲಿ ಹೊರತಂದಿತು. .32 ಬೋರು, ತೂಕ ಸುಮಾರು 700 ಗ್ರಾಂ, 50 ಮೀಟರ್ ದೂರ ಹೊಡೆಯುತ್ತದೆ ಅಂತ ಹೇಳಿಕೊಂಡಿದ್ದಾರೆ. ನಮ್ಮ ಕಾರ್ಖಾನೆಗಳ ಹಳೇ ರಿವಾಲ್ವರುಗಳು ಬ್ರಿಟಿಷರ ವೆಬ್ಲಿ ಮಾದರಿಯವು, ಮೇಲಿನ ಕೊಂಡಿ ತೆಗೆದರೆ ನಳಿಗೆ ಮುಂದಕ್ಕೆ ಬಾಗಿ ಬಾಯಿ ತೆರೆಯುತ್ತವೆ. ಇದರಲ್ಲಿ ಸಿಲಿಂಡರ್ ಪಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಇದು ಹೊಸದು. ಅಮೆರಿಕದ ಕೋಲ್ಟ್ ಕಂಪನಿ ಇಂಥದ್ದನ್ನು 1889ರಲ್ಲೇ ಮಾಡಿತ್ತು. ಅಂದರೆ ಪದ್ಧತಿ ಹಳೆಯದು, ಪರೀಕ್ಷೆ ಆಗಿರುವಂಥದ್ದು, ಅದರ ಬಗ್ಗೆ ನನಗೆ ಭಯವಿಲ್ಲ. ಯಾವ ಕಾರ್ಖಾನೆಯೇ ಆಗಲಿ, ಹೊಸ ಮಾದರಿ ಶುರು ಮಾಡಿದಾಗ ಮೊದಲ ಕಂತುಗಳಲ್ಲಿ ಕೈ ಪಳಗಿರುವುದಿಲ್ಲ. ನಾನು ನೋಡುವುದು ಅದನ್ನು.

2014ರಲ್ಲಿ ನಿರ್ಭೀಕ್ ಅನ್ನುವ ರಿವಾಲ್ವರ್ ಬಂದಾಗಲೂ ಹೀಗೇ ಆಯಿತು. ಟೈಟಾನಿಯಂ ಮಿಶ್ರಲೋಹ, 500 ಗ್ರಾಂ, ಹೆಂಗಸರ ವ್ಯಾನಿಟಿ ಬ್ಯಾಗಿಗೆ ಸರಿ, ಬೆಲೆ 1,22,360 ರೂಪಾಯಿ. ಸುದ್ದಿಯೆಲ್ಲ ತೂಕದ್ದು, ಬೆಲೆಯದ್ದು, ಹೆಸರಿನದ್ದು. ಸಾವಿರ ಈಡು ಆದ ಮೇಲೆ ಸಿಲಿಂಡರ್ ಹೇಗಿರುತ್ತದೆ ಅನ್ನುವ ಮಾತು ನನ್ನ ಕಣ್ಣಿಗಂತೂ ಬೀಳಲಿಲ್ಲ.

ನೀನು ಕಳಿಸಿದ ಇಟಲಿಯ ರೈನೋ ರಿವಾಲ್ವರಿನ ವಿಡಿಯೋ ಮಾತ್ರ ಎರಡೆರಡು ಸಲ ನೋಡಿದೆ. ಗುಂಡು ಸಿಲಿಂಡರಿನ ಮೇಲಿನ ಕೋಣೆಯಿಂದ ಹೋಗುವ ಬದಲು ಕೆಳಗಿನ ಕೋಣೆಯಿಂದ ಹೋಗುತ್ತದೆ. ನಳಿಗೆ ಕೈಗೆ ಹತ್ತಿರವಾಗುವುದರಿಂದ ಒದೆತ ನೇರ ಅಂಗೈಗೆ ಬರುತ್ತದೆ, ಮೂತಿ ಮೇಲಕ್ಕೆ ಹಾರುವುದು ಕಡಿಮೆ. ಒಳ್ಳೇ ತಲೆ! ಆದರೆ ಅದಕ್ಕೆ ತೆತ್ತಿರುವ ಬೆಲೆ ನೋಡು. ಹಿಂದೆ ಕಾಣುವ ಕುದುರೆ, ಅಂದರೆ ಹ್ಯಾಮರ್, ನಿಜವಾದ ಕುದುರೆಯಲ್ಲ, ಬರೀ ಎಳೆಯುವ ಸನ್ನೆ. ಹೊಡೆಯುವ ಕುದುರೆ ಒಳಗೆ ಅಡಗಿದೆ. ಅದಕ್ಕಾಗಿ ಒಳಗೆ ಸನ್ನೆ, ಸ್ಪ್ರಿಂಗು ಎಲ್ಲ ಜಾಸ್ತಿ. ಕೆಟ್ಟರೆ ಊರಿನ ಕೋವಿ ರಿಪೇರಿಯವನು ಮುಟ್ಟುವ ಹಾಗಿಲ್ಲ. ನಳಿಗೆ ಕೆಳಗಿರುವುದರಿಂದ ಸಿಲಿಂಡರ್ ಸಂದಿಯ ಬಿಸಿ ಗಾಳಿ ಬೆರಳಿಗೆ ಹತ್ತಿರ, ಇನ್ನೊಂದು ಕೈಯನ್ನು ಎಲ್ಲಿಡಬೇಕು ಅಂತ ಹೊಸದಾಗಿ ಕಲಿಯಬೇಕು. ಹೇಗೂ ಆಮದು ನಮ್ಮಂಥವರಿಗೆ ಇಲ್ಲ. ನೋಡಿ ಖುಷಿಪಡೋಣ.

ತಗೊಳ್ಳಲೇಬೇಕು ಅಂತಿದ್ದರೆ ಅಂಗಡಿಯಲ್ಲಿ ಹೊಳಪು ನೋಡಿ ಮರುಳಾಗಬೇಡ. ಖಾಲಿ ಇದೆಯಾ ಅಂತ ಕಣ್ಣಲ್ಲಿ ನೋಡು, ಬೆರಳಾಡಿಸಿಯೂ ನೋಡು. ಆಮೇಲೆ ಅಂಗಡಿಯವರನ್ನು ಕೇಳಿ, ಕುದುರೆಯನ್ನು ನಿಧಾನಕ್ಕೆ ಎಳೆ. ಕುದುರೆ ಪೂರ್ತಿ ಹಿಂದೆ ಹೋಗಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಕದಲದ ಹಾಗೆ ಕಚ್ಚಿಕೊಂಡು ನಿಂತಿರಬೇಕು. ಆರು ಕೋಣೆಗೂ ಹೀಗೇ ನೋಡು, ಒಂದೇ ಕೋಣೆ ತಡಮಾಡುವುದುಂಟು. ಹಾಗಾದರೆ ಗುಂಡು ನಳಿಗೆಯ ಬಾಯಿಗೆ ಸರಿಯಾಗಿ ಹೊಂದುವುದಿಲ್ಲ, ಸೀಸ ಕೆರೆದು ಪಕ್ಕಕ್ಕೆ ಸಿಡಿಯುತ್ತದೆ. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯನ್ನು ಬೆಳಕಿಗೆ ಹಿಡಿದು ನೋಡು, ತಿರುಗಿಸಿದಂತೆಲ್ಲ ಅದು ಒಂದೇ ಸಮ ಕಾಣಬೇಕು. ಪಕ್ಕಕ್ಕೆ ತೆರೆಯುವ ಜಾತಿಯಲ್ಲಿ ಇನ್ನೊಂದು ತೊಂದರೆ ಇದೆ. ಖಾಲಿ ತೋಟಾ ಹೊರದೂಡುವ ನಕ್ಷತ್ರದ ಆಕಾರದ ತುಂಡಿನ ಅಡಿ ಸುಡದೆ ಉಳಿದ ಮದ್ದಿನ ಒಂದು ಚೂರು ಸೇರಿದರೂ ಸಾಕು, ಸಿಲಿಂಡರ್ ಬಿಗಿಯುತ್ತದೆ. ಹೊಡೆದ ದಿನವೇ ಬ್ರಷ್ ಹಾಕಬೇಕು.

ರೇಂಜಿನಲ್ಲಿ ಟಕ್ ಅಂತ ಮಾತ್ರ ಆದರೆ ಮೂತಿ ಗುರಿಯ ಕಡೆಗೇ ಇರಲಿ, ಅರ್ಧ ನಿಮಿಷ ಕಾದು ತೆರೆ. ತಡವಾಗಿ ಹಾರುವ ತೋಟಾ ಇರುತ್ತದೆ. ಸದ್ದು ಮೆತ್ತಗೆ ಬಂದರೆ ಇನ್ನೊಂದು ಸಲ ಎಳೆಯಲೇಬೇಡ, ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು.

ನಮ್ಮ ಮಳೆಯ ಬಗ್ಗೆ ನಿನಗೆ ಹೇಳಬೇಕಾಗಿಲ್ಲ. ಚರ್ಮದ ಚೀಲದಲ್ಲಿ ಇಡಬೇಡ, ತೇವ ಕುಡಿದು ಕೂರುತ್ತದೆ. ನಿರ್ಭೀಕ್‌ನಂಥ ಟೈಟಾನಿಯಂಗೆ ತುಕ್ಕು ಹಿಡಿಯದಿರಬಹುದು, ಒಳಗಿನ ಉಕ್ಕಿನ ಸ್ಪ್ರಿಂಗಿಗೆ ಹಿಡಿಯುತ್ತದೆ. ಆಯುಧಪೂಜೆಗೆ ಅರಿಶಿನ ಕುಂಕುಮ ಹಿಡಿಯ ಮೇಲೆ ಸಾಕು, ಆ ಪುಡಿ ಸಿಲಿಂಡರ್ ಕೀಲಿಗೆ ಹೋದರೆ ತೆಗೆಯುವುದು ದೊಡ್ಡ ಕೆಲಸ. ಆ ದಿನ ಗಾಳಿಯಲ್ಲಿ ಈಡು ಹಾರಿಸುವ ಚಪಲ ಯಾರಿಗಾದರೂ ಬಂದರೆ ನೀನು ತಡೆ. ಅದಕ್ಕೆ ಈಗ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು.

ಇನ್ನು, ರಿವಾಲ್ವರ್ ಯಾತಕ್ಕೆ ಅಂತ ನಿನ್ನನ್ನೇ ಕೇಳಿಕೋ. ಹಂದಿಗೆ .32 ಏನೂ ಅಲ್ಲ, ಆನೆಯ ಮುಂದಂತೂ ಅದನ್ನು ತೆಗೆಯಲೇಬೇಡ. ನಿನ್ನ ಅಪ್ಪನ ಕಾಲದಲ್ಲಿ ಬಟವಾಡೆಯ ದುಡ್ಡನ್ನು ಬ್ಯಾಂಕಿನಿಂದ ತರುವಾಗ ಸೊಂಟದಲ್ಲೊಂದು ಇದ್ದರೆ ಧೈರ್ಯ. ಈಗ ಆಳುಗಳೇ ಫೋನಿಗೆ ಹಾಕಿ ಅನ್ನುತ್ತಾರೆ. ಮೆಣಸು ಕಳ್ಳರಿಗೆ ನಾಯಿ, ಲೈಟು ಸಾಕು. ಚುನಾವಣೆ ಬಂದರೆ ಠಾಣೆಯಲ್ಲಿ ಇಡಿ ಅನ್ನುವುದೂ ಉಂಟು.

ಒಂದೆರಡು ವರ್ಷ ತಡಿ. ಅಷ್ಟರಲ್ಲಿ ರೇಂಜಿಗೆ ಹೋಗುವ ಯಾರಾದರೂ ಅದರಲ್ಲಿ ಚೆನ್ನಾಗಿ ಹೊಡೆದು ನೋಡಿರುತ್ತಾರೆ, ಅವರ ಮಾತು ಕೇಳೋಣ. ಆಗಲೂ ಬೇಕು ಅನಿಸಿದರೆ ಅಂಗಡಿಗೆ ನಾನೇ ಜೊತೆಗೆ ಬರುತ್ತೇನೆ. ಅಷ್ಟರವರೆಗೆ ಜೋಡು ನಳಿಗೆಗೆ ಯಾರಿಂದಲೂ ಅಡ್ವಾನ್ಸ್ ಹಿಡಿಯಬೇಡ. ಕೊಯ್ಲು ಮುಗಿದ ಮೇಲೆ ಈ ಕಡೆ ಬಂದರೆ ಲೈಸೆನ್ಸ್ ಪುಸ್ತಕ ತಾ, ನವೀಕರಣ ಯಾವಾಗ ಅಂತ ನೋಡಬೇಕು. ಮೂರರ ಬದಲು ಐದು ವರ್ಷಕ್ಕೊಮ್ಮೆ ಅಂತ ಆದ ಮೇಲೆ ಎಲ್ಲರಿಗೂ ಮರೆವು ಜಾಸ್ತಿಯಾಗಿದೆ.

ಇಂತಿ,
ನಿನ್ನ ಸೋದರಮಾವ