ಹಳೇ ಚಂದ, ಹೊಸ ಎಂಜಿನ್

ಮಾನ್ಯ ಸಂಪಾದಕರೇ,

ಹಳೇ ಕಾಲದ ರೂಪದ ಹೊಸ ಬೈಕುಗಳು ಬರೀ ಶೋಕಿ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 2018ರಲ್ಲಿ ಮತ್ತೆ ಬಂದ ಜಾವಾ ನೋಡಿ. ಮರೂನ್ ಟ್ಯಾಂಕ್, ಪಕ್ಕದಲ್ಲಿ ಮಿಂಚುವ ಕ್ರೋಮ್, ದುಂಡು ಹೆಡ್‌ಲೈಟ್, ಎರಡೂ ಕಡೆ ಉದ್ದನೆಯ ಸೈಲೆನ್ಸರ್. ಮೈಸೂರಿನವರಿಗೆ ಇದು ಸುಮ್ನೆ ಡಿಸೈನ್ ಅಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚುವವರೆಗೂ ಜಾವಾ, ಯೆಜ್ಡಿ ತಯಾರಾಗುತ್ತಿದ್ದದ್ದು ನಮ್ಮೂರಲ್ಲೇ ಅಲ್ವಾ?

ಅಪ್ಪನ ಗಾಡಿಯಲ್ಲಿ ಕಿಕ್ಕರ್‌ಗೂ ಗೇರಿಗೂ ಒಂದೇ ಲಿವರ್, ಅದನ್ನು ಮೇಲಕ್ಕೆತ್ತಿ ಒದ್ದು ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಗೇರಿಗೆ ಇಳಿಸಬೇಕಿತ್ತು. ಪೆಟ್ರೋಲಿಗೆ ಆಯಿಲ್ ಬೆರೆಸುವ ಕೆಲಸ ಬೇರೆ. 2018ರ ಜಾವಾದಲ್ಲಿ ಅದೇ ರೂಪದೊಳಗೆ 293 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿಲ್ಲ, ಬಟನ್ ಒತ್ತಿದರೆ ಸಾಕು. ಮೊನ್ನೆ ಅಪ್ಪ ನನ್ನ ಗಾಡಿಯ ಟ್ಯಾಂಕಿನ ಮೇಲೆ ಕೈಯಾಡಿಸುತ್ತಾ ತುಂಬಾ ಹೊತ್ತು ನಿಂತಿದ್ದರು.

– ಓರ್ವ ಓದುಗ, ಮೈಸೂರು