ಗುಳೆ ಬಂದವರ ನಗರದಿಂದ

ಶೆನ್‌ಝೆನ್, ಚೀನಾ

ಪ್ರೀತಿಯ ಅವ್ವನಿಗೆ ನಮಸ್ಕಾರಗಳು.

ನಾನು ಆರಾಮವಾಗಿದ್ದೇನೆ. ಈ ಪತ್ರವನ್ನು ಅಕ್ಕನಿಂದ ಓದಿಸಿಕೋ. ಅವಳಿಗೂ ಇದರಲ್ಲಿ ಒಂದು ಮಾತಿದೆ.

ನಮ್ಮ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬಡಿಸುವ ಹೆಂಗಸು ಗುಯಿಝೌ ಪ್ರಾಂತ್ಯದವಳು. ಗುಡ್ಡ, ತುಂಡು ಹೊಲ, ದುಡಿಮೆಗೆಂದು ಊರು ಬಿಡುವ ಜನ. ತಲೆಗೆ ಲೆಕ್ಕ ಹಾಕಿದರೆ ಈ ನಗರದ ಉತ್ಪತ್ತಿ ಅವಳ ಸೀಮೆಯದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಹೊಲ ಬಿಟ್ಟು ಕೂಲಿಗೆ ನಿಂತ ಹಳ್ಳಿಯವರು ಈ ದೇಶದಲ್ಲಿ ಸುಮಾರು 30 ಕೋಟಿ. ಗುಳೆ ಎಂದರೆ ನಮ್ಮ ರಾಯಚೂರು ಕಡೆಯದು ಎಂದುಕೊಂಡಿದ್ದೆ ನಾನು!

ಮೊನ್ನೆ ಅವಳು ಮೊಬೈಲನ್ನು ಸೊಪ್ಪಿನ ಬುಟ್ಟಿಗೆ ಒರಗಿಸಿ ಮಗಳಿಗೆ ವಿಡಿಯೊ ಕರೆ ಮಾಡಿದಳು. ತಾಯಿ ಏನು ಕೇಳಿದರೂ ಹುಡುಗಿ ಅಜ್ಜಿಯ ಕಡೆ ತಿರುಗಿ ಉತ್ತರಿಸುತ್ತಿದ್ದಳು. ಕರೆ ಮುಗಿದ ಮೇಲೆ ಇವಳು ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು.

ಇಲ್ಲಿಗೇ ಕರೆತರಬಾರದೇ ಎಂದೆ. "ಹುಕೌ" ಎಂದಳು, ಅಷ್ಟೇ. ಮನೆತನದ ಊರಿಗೆ ಮನುಷ್ಯರನ್ನು ಗೂಟಕ್ಕೆ ಕಟ್ಟಿದಂತೆ ಕಟ್ಟುವ ನೋಂದಣಿ ಅದು, 1958ರ ಕಟ್ಟಳೆ. ದುಡಿಯಲು ಬಂದರೆ ಯಾರೂ ಬೇಡವೆನ್ನುವುದಿಲ್ಲ. ಮಗುವಿನ ಶಾಲೆ ಎಂದಾಗ ಕಾಗದ ಕೇಳುತ್ತಾರೆ. ಬಾಡಿಗೆ ಕರಾರಿಗೆ ಇಷ್ಟು ಅಂಕ, ವಿಮೆ ಕಟ್ಟಿದ ವರ್ಷಗಳಿಗೆ ಇಷ್ಟು ಅಂಕ. 2014ರ ಕೊನೆಯಲ್ಲಿ ವೇಗದ ರೈಲು ಬಂದು, ಅವಳ ಪ್ರಾಂತ್ಯದ ರಾಜಧಾನಿ ಗುಯಿಯಾಂಗ್‌ನಿಂದ ನಮ್ಮ ಹತ್ತಿರದ ಗುವಾಂಗ್‌ಝೌಗೆ 20 ಗಂಟೆ ಮೀರುತ್ತಿದ್ದ ದಾರಿ ನಾಲ್ಕೈದು ಗಂಟೆಗೆ ಇಳಿದಿದೆ. ಅವಳು ಮಾತ್ರ ಈಗಲೂ ಊರು ನೋಡುವುದು ವರ್ಷಕ್ಕೊಮ್ಮೆ, ವಸಂತ ಹಬ್ಬಕ್ಕೆ.

ಅವ್ವ, ಸಂಕ್ರಾಂತಿ ಮುಗಿದೊಡನೆ ನೀವು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಿರಿ. ಕಂಕುಳಲ್ಲಿ ತಮ್ಮ, ಅವನನ್ನು ಆಡಿಸಲು ಅಕ್ಕ. ಯುಗಾದಿಗೆ ಮರಳಿದಾಗ ನಾನು ಅಜ್ಜಿಯ ಸೆರಗು ಬಿಡಲಿಲ್ಲ. "ಹುಡುಗಿಗೆ ನನ್ನ ಗುರುತೇ ಹತ್ತಲಿಲ್ಲ" ಎಂದು ನೀನು ನಕ್ಕೆ. ಗುರುತು ಹತ್ತಿತ್ತು ಅವ್ವ.

ಅಕ್ಕ, ಇನ್ನು ಮುಂದಿನದು ನಿನಗೆ. ಜೊತೆಗೆ ಹೋದ ನಿನ್ನ ಓದು ಐದನೆಯದಕ್ಕೇ ನಿಂತಿತು, ಊರಲ್ಲಿ ಉಳಿದ ನಾನು ಎಂಜಿನಿಯರ್ ಆದೆ. ಅದಕ್ಕೇ ನೀನು ಗುಳೆ ಹೋಗುವಾಗ ನಿನ್ನ ಮಗಳು ಪುಟ್ಟಿಯನ್ನು ಅವ್ವನ ಬಳಿ ಬಿಡುತ್ತೇನೆ ಎನ್ನುತ್ತೀಯ. ಇದಕ್ಕೆ ಎದುರಾಡಲು ನನಗೆ ಬಾಯಿಲ್ಲ. ಆದರೂ ಕೇಳು. ನಮಗೆ ಹುಕೌ ಇಲ್ಲ. ವರ್ಷದ ನಡುವೆ ಹೋದರೂ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು, ಟಿ.ಸಿ. ತಡವಾಯಿತೆಂದು ವಾಪಸು ಕಳುಹಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಹೀಗಿದೆ. ಮುಂಗಡ ಹಿಡಿಯುವ ಮೊದಲು, ಶೆಡ್ಡಿನಿಂದ ಶಾಲೆ ಎಷ್ಟು ದೂರವೆಂದು ಮೇಸ್ತ್ರಿಯನ್ನು ಕೇಳು. ದೂರವಿದ್ದರೆ ಹತ್ತಿರದಲ್ಲಿ ಕೋಣೆ ಹಿಡಿ, ಬಾಡಿಗೆ ನಾನು ಕಳುಹಿಸುತ್ತೇನೆ.

ಅಪ್ಪನ ಕೆಮ್ಮು ಹೇಗಿದೆ? ಬರೆಯಿರಿ.

ನಿಮ್ಮ ಮಗಳು